ಕೂತವನ ದಿಣ್ಣೆ

ಸೀಗೆಕಟ್ಟೆಯಿಂದ ಮಾರನಬಯಲಿಗೆ ಹೋಗುವ ಡಾಂಬರು ರಸ್ತೆ ಊರು ಬಿಟ್ಟು ಒಂದೂವರೆ ಮೈಲಿ ನೆಟ್ಟಗೆ ಸಾಗಿ, ಒಂದು ಕಲ್ಲುದಿಣ್ಣೆಯ ಬುಡಕ್ಕೆ ಬಂದು ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಎಂಬತ್ತು ಹೆಜ್ಜೆ ಬರೀ ಮಣ್ಣು, ಗುಂಡಿ, ಜಾಲಿಮುಳ್ಳು. ಅದನ್ನು ದಾಟಿದರೆ ಮತ್ತೆ ಡಾಂಬರು. ಈ ಕಡೆಯದು ಸೀಗೆಕಟ್ಟೆ ಗ್ರಾಮ ಪಂಚಾಯಿತಿಯ ರಸ್ತೆ, ಆ ಕಡೆಯದು ಮಾರನಬಯಲು ಪಂಚಾಯಿತಿಯದು. ನಡುವಿನ ಎಂಬತ್ತು ಹೆಜ್ಜೆ ಯಾರದೆಂದು ಕೇಳಿದರೆ ಎರಡು ಕಚೇರಿಯವರೂ ಎದುರಿನವರ ಕಡೆಗೆ ಕೈ ತೋರಿಸುತ್ತಾರೆ. ಸರ್ವೆಯವರು ಮೂರು ಸಲ ಬಂದು ಅಳೆದರು, ಮೂರು ಸಲವೂ ಎರಡೂ ಊರಿನವರು ಕೊಟ್ಟ ಎಳನೀರು ಕುಡಿದು ಹೋದರು. ಮಳೆಗಾಲದಲ್ಲಿ ಬಸ್ಸಿನವನು ಜನರನ್ನೆಲ್ಲ ಅಲ್ಲಿ ಇಳಿಸಿ, ಖಾಲಿ ಬಸ್ಸನ್ನು ಉರುಳಾಡಿಸಿಕೊಂಡು ಆಚೆಗೆ ದಾಟಿಸಿ, ಮತ್ತೆ ಹತ್ತಿಸಿಕೊಳ್ಳುತ್ತಾನೆ. ಜನ ಕೆಸರು ತುಳಿಯುತ್ತಾ ಎರಡೂ ಪಂಚಾಯಿತಿಗಳಿಗೆ ಸಮನಾಗಿ ಬೈಯುತ್ತಾರೆ.

ದಿಣ್ಣೆ ಹೇಳಿಕೊಳ್ಳುವಷ್ಟು ಎತ್ತರದ್ದೇನಲ್ಲ. ಮರವಿಲ್ಲ, ಗುಡಿಯಿಲ್ಲ, ನೆತ್ತಿಯಲ್ಲಿ ಒಬ್ಬನೇ ಮನುಷ್ಯ ಕೂರುವಷ್ಟು ಅಗಲದ ಒಂದು ಚಪ್ಪಟೆ ಬಂಡೆಯಿದೆ. ನಕ್ಷೆಯಲ್ಲಿ ಅದಕ್ಕೆ ಒಂದು ನಂಬರು ಬಿಟ್ಟರೆ ಬೇರೆ ಹೆಸರಿಲ್ಲ. ಜನ ಮಾತ್ರ ಮೊದಲಿನಿಂದಲೂ ಅದನ್ನು ಕೂತವನ ದಿಣ್ಣೆ ಎನ್ನುತ್ತಾರೆ. ಕೂತವನು ಯಾರು ಎಂದು ಹೊಸಬರು ಕೇಳಿದರೆ ಸೀಗೆಕಟ್ಟೆಯವರು ಯಾರೋ ಬೈರಾಗಿ ಎಂದು ಹೇಳಿ ಮಾತು ಬದಲಿಸುತ್ತಾರೆ. ಮಾರನಬಯಲಿನವರು ಒಬ್ಬ ಸತ್ಯವಂತ ಎಂದು ಕೈಮುಗಿಯುತ್ತಾರೆ, ಆದರೆ ಹೆಸರು ಹೇಳುವುದಿಲ್ಲ. ಎರಡೂ ಊರಿನ ಹೊರಗಿನ ಕೇರಿಯವರು ಮಾತ್ರ ಹೆಸರು ಹಿಡಿದು, ಮೂಡ್ಲ ಎನ್ನುತ್ತಾರೆ. ನಂಬುವುದಾದರೆ ಹೆಸರು ಹೇಳುವವರ ಮಾತನ್ನೇ ನಂಬಬೇಕು, ಇಲ್ಲಿ ಬರೆದಿರುವುದೂ ಅವರು ಹೇಳಿದ್ದನ್ನೇ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲ ಮುಗಿದು ಅಮಲ್ದಾರರ ಕಾಲ ಇನ್ನೂ ಕಣ್ಣು ಬಿಡುತ್ತಿದ್ದಾಗ, ಈ ಸೀಮೆಯ ಹಳ್ಳಿಗಳು ತಮ್ಮ ಆಡಳಿತವನ್ನು ತಾವೇ ನೋಡಿಕೊಳ್ಳುತ್ತಿದ್ದವು. ತೀರ್ಮಾನ ಹೇಳಲು ಗೌಡ, ಬರೆದಿಡಲು ಶಾನುಭೋಗ, ತಲೆಯಾಡಿಸಲು ನಾಲ್ಕು ಜನ ಹಿರಿಯರು. ಇವರೆಲ್ಲ ಊರೊಳಗಿನವರು. ಆದರೆ ಊರು ಎಲ್ಲಿಗೆ ಮುಗಿಯುತ್ತದೆ ಎಂದು ಹೇಳಬೇಕಾದವನು ಮಾತ್ರ ಹೊರಗಿನ ಕೇರಿಯ ಕುಳವಾಡಿ. ಊರಬಾಗಿಲು ದಾಟಿ ಒಳಗೆ ಕಾಲಿಡುವಂತಿಲ್ಲದ ಮನುಷ್ಯನೇ ಊರಿನ ಎಲ್ಲೆಯನ್ನು ಬಲ್ಲವನು. ಇದರಲ್ಲಿ ಯಾವ ನ್ಯಾಯವಿತ್ತೋ ಆ ಕಾಲದವರೇ ಹೇಳಬೇಕು. ಎರಡು ಊರಿನ ನಡುವೆ ಎಲ್ಲೆಯ ಜಗಳ ಬಂದು ಬಗೆಹರಿಯದೆ ಹೋದಾಗ, ಊರಿನ ಮಣ್ಣನ್ನು ಕಲಸಿ ದೊಡ್ಡ ಉಂಡೆ ಕಟ್ಟಿ, ಅದರ ನಡುವೆ ಗುಳಿ ತೋಡಿ ನೀರು ತುಂಬಿ, ಕುಳವಾಡಿಯ ತಲೆಯ ಮೇಲೆ ಹೊರಿಸುತ್ತಿದ್ದರು. ಅವನು ಮಿಂದು, ಒದ್ದೆ ಬಟ್ಟೆಯಲ್ಲಿ, ಕೊರಳಿಗೆ ಕೆಂಪು ಕಣಗಿಲೆಯ ಹಾರ ಹಾಕಿಕೊಂಡು ಎಲ್ಲೆಯ ಗುಂಟ ನಡೆಯಬೇಕು. ಎರಡೂ ಊರಿನವರು ಅವನ ಹಿಂದೆ ಬರಬೇಕು, ಯಾರೂ ಮುಂದೆ ಹೋಗಬಾರದು, ಯಾರೂ ಅವನನ್ನು ಮಾತಾಡಿಸಬಾರದು. ಸರಿಯಾದ ಗೆರೆಯಲ್ಲಿ ನಡೆದರೆ ಉಂಡೆ ಹಾಗೇ ಉಳಿಯುತ್ತದೆ. ಗೆರೆ ತಪ್ಪಿದರೆ ಅದು ತಾನಾಗಿಯೇ ಒಡೆಯುತ್ತದೆ, ಹದಿನೈದು ದಿನದೊಳಗೆ ಕುಳವಾಡಿ ಸಾಯುತ್ತಾನೆ, ಅವನ ಮನೆ ಹಾಳು ಬೀಳುತ್ತದೆ ಎಂದು ನಂಬಿದ್ದರು.

ಮೂಡ್ಲ ಸೀಗೆಕಟ್ಟೆಯ ಕುಳವಾಡಿ. ಅವನ ಅಪ್ಪನೂ ಕುಳವಾಡಿಯಾಗಿದ್ದವನು. ಪ್ರತಿ ವರ್ಷ ಯುಗಾದಿಯ ಮಾರನೆಯ ದಿನ ಅಪ್ಪ ಮಗನನ್ನು ಮುಂದೆ ಬಿಟ್ಟುಕೊಂಡು ಊರಿನ ಸುತ್ತ ಎಲ್ಲೆ ನಡೆಸುತ್ತಿದ್ದ. ಜೋಡಿಬಂಡೆಯ ಸಂದಿನಿಂದ ಒಣಗಿದ ಹುಣಿಸೆ, ಹುಣಿಸೆಯಿಂದ ಮೂರು ಹುತ್ತ, ಹುತ್ತದಿಂದ ಹಳ್ಳದ ಈಚೆ ದಡ. ಎಲ್ಲಾದರೂ ಒಂದು ಮಾರು ತಪ್ಪಿದರೆ ಹಿಂದಿನಿಂದ ಕಣಕಾಲಿಗೆ ಲಕ್ಕಿಬರಲಿನ ಏಟು ಬೀಳುತ್ತಿತ್ತು. ಹತ್ತು ವರ್ಷ ಹೀಗೆ ಏಟು ತಿಂದ ಮೇಲೆ ಮೂಡ್ಲನಿಗೆ ಎಲ್ಲೆ ಕಣ್ಣಿಗಿಂತ ಮೊದಲು ಕಾಲಿಗೇ ಗೊತ್ತಾಗುತ್ತಿತ್ತು. ಅವನಿಗೆ ಇದೊಂದೇ ಆಸ್ತಿ, ಇದೊಂದೇ ಹೆಮ್ಮೆ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು ಕದಿರಿಯನ್ನು ಮಾರನಬಯಲಿನ ಕೇರಿಗೆ ಕೊಟ್ಟಿದ್ದ, ಅವಳಿಗೆ ಮೂರು ಮಕ್ಕಳಿದ್ದವು.

ದಿಣ್ಣೆಯ ಕೆಳಗಿನ ಹಳ್ಳದಲ್ಲಿ ಒಂದು ತಲಪರಿಗೆಯಿತ್ತು. ಮರಳನ್ನು ಮೊಳದುದ್ದ ತೋಡಿದರೆ ತಿಳಿನೀರು ಒಸರಿ ನಿಲ್ಲುವ ಜಾಗವನ್ನು ಈ ಕಡೆ ತಲಪರಿಗೆ ಎನ್ನುತ್ತಾರೆ. ಬೇಸಿಗೆಯಲ್ಲೂ ಅದು ಬತ್ತುತ್ತಿರಲಿಲ್ಲ. ಆದರೂ ಎರಡೂ ಊರಿನವರಿಗೆ ಅದು ಬೇಕಿರಲಿಲ್ಲ. ಊರೊಳಗೇ ಅವರವರ ಸೇದುವ ಬಾವಿಗಳಿದ್ದವು. ಎಲ್ಲೆಯ ಅಂಚಿನಲ್ಲಿ ಬಿದ್ದಿದ್ದ ಆ ನೀರು ಎರಡು ಕೇರಿಗಳ ಪಾಲಿಗೆ ಉಳಿದಿತ್ತು. ಬಾವಿಕಟ್ಟೆಯ ಹತ್ತಿರ ಸುಳಿಯಬಾರದವರು, ಯಾರಾದರೂ ದಯೆತೋರಿ ಮೇಲಿನಿಂದ ಹುಯ್ಯಲಿ ಎಂದು ಬಿಸಿಲಲ್ಲಿ ಕೊಡ ಇಟ್ಟುಕೊಂಡು ಕಾಯಬೇಕಾದವರು, ಇಲ್ಲಿ ಮಾತ್ರ ತಮ್ಮ ಕೈಯಿಂದಲೇ ಮರಳು ತೋಡಿ, ತಮ್ಮ ಕೈಯಿಂದಲೇ ಮೊಗೆದು ಕುಡಿಯುತ್ತಿದ್ದರು. ಕದಿರಿಗೂ ಅವಳ ಅಪ್ಪನಿಗೂ ಭೇಟಿಯಾಗುತ್ತಿದ್ದುದು ಕೂಡ ಅಲ್ಲಿಯೇ. ಅವಳು ಕೊಡ ತುಂಬಿಸುತ್ತಾ ಮಾತಾಡುತ್ತಿದ್ದಳು, ಅವನು ಮೊಮ್ಮಕ್ಕಳಿಗೆ ಮರಳಿನಲ್ಲಿ ಹೊಂಡ ತೋಡಿ ಕೊಡುತ್ತಿದ್ದ.

ಒಂದು ವರ್ಷ ಸ್ವಾತಿ ಮಳೆಗೆ ಹಳ್ಳ ಹುಚ್ಚು ಹಿಡಿದಂತೆ ಉಕ್ಕಿತು. ತಲಪರಿಗೆಯ ಬಳಿ ನೆಟ್ಟಿದ್ದ ಮೂರು ಎಲ್ಲೆಕಲ್ಲುಗಳು ಕಿತ್ತು ಉರುಳಿಹೋದವು. ಕಲ್ಲು ಹೋದರೂ ಗುರುತು ಉಳಿಯಲಿ ಎಂದು ಹಿರಿಯರು ಕಲ್ಲಿನ ಅಡಿಯಲ್ಲಿ ಇದ್ದಿಲು ಹೂಳುತ್ತಿದ್ದರು, ಆ ಇದ್ದಿಲೂ ಕೊಚ್ಚಿಹೋಯಿತು. ನೀರು ಇಳಿದ ಮೇಲೆ ಹಳ್ಳ ಸ್ವಲ್ಪ ಪೂರ್ವಕ್ಕೆ ಸರಿದಿತ್ತು, ತಲಪರಿಗೆ ಈಗ ಸೀಗೆಕಟ್ಟೆಯ ಗೌಡ ಕಾಟೇಗೌಡನ ಹೊಲದ ಬದುವಿಗೇ ಬಂದು ಕೂತಂತೆ ಕಾಣುತ್ತಿತ್ತು. ಕಾಟೇಗೌಡನಿಗೆ ಅದನ್ನು ಕಂಡು ಎಲೆತೋಟದ ಆಸೆ ಹುಟ್ಟಿತು. ಒಂದು ಕಾಲುವೆ ಎಳೆದರೆ ಸಾಕು, ವರ್ಷವಿಡೀ ವೀಳ್ಯದೆಲೆ. ಎಲ್ಲೆ ಮೊದಲಿನಿಂದಲೂ ಹಳ್ಳದ ಆಚೆ ದಡದಲ್ಲಿತ್ತು ಎಂದು ಅವನು ಸಾರಿದ. ಮಾರನಬಯಲಿನ ಗೌಡ ಓಬಳೇಗೌಡ ಆ ನೀರನ್ನು ಅಲ್ಲಿಯವರೆಗೆ ಕಣ್ಣೆತ್ತಿಯೂ ನೋಡಿದವನಲ್ಲ. ಇನ್ನೊಬ್ಬನಿಗೆ ಬೇಕು ಎಂದು ತಿಳಿದ ಕೂಡಲೇ ಅವನಿಗೂ ಬೇಕಾಯಿತು. ದೊಣ್ಣೆಗಳು ಎದ್ದವು, ನಾಲ್ಕು ತಲೆ ಒಡೆದವು, ದೂರು ಅಮಲ್ದಾರರವರೆಗೆ ಹೋಯಿತು. ಕಲ್ಲಿಲ್ಲ, ಕಾಗದವಿಲ್ಲ. ಪದ್ಧತಿಯಂತೆ ಕುಳವಾಡಿ ಮಣ್ಣು ಹೊತ್ತು ನಡೆಯಲಿ ಎಂದು ಅಮಲ್ದಾರ ಹೇಳಿದ. ಕೂಗು ಎತ್ತಿದ ಊರು ಸೀಗೆಕಟ್ಟೆಯಾದ್ದರಿಂದ ನಡೆಯಬೇಕಾದವನು ಮೂಡ್ಲ.

ನಡೆಯುವ ದಿನಕ್ಕೆ ನಾಲ್ಕು ದಿನ ಮುಂಚೆ ಕಾಟೇಗೌಡ ಅವನನ್ನು ಊರಬಾಗಿಲಿಗೆ ಕರೆಸಿದ. ಗೌಡ ಒಳಗೆ ಕಟ್ಟೆಯ ಮೇಲೆ, ಮೂಡ್ಲ ಹೊರಗೆ ಬಿಸಿಲಿನಲ್ಲಿ. ಗೌಡ ಸುತ್ತುಬಳಸಿ ಮಾತಾಡುವ ಜಾತಿಯವನಲ್ಲ. “ಹಳ್ಳ ದಾಟ್ಕಂಡು ಆಚೆ ದಡದಾಗ್ ನಡೀಬೇಕು ಕಣ್ಲಾ ಮೂಡ್ಲ. ಊರಿನ್ ಅನ್ನ ಉಂಡಿದೀಯ, ಊರಿಗ್ ಆಗು,” ಎಂದ. ಆಚೆ ದಡದಲ್ಲಿ ನಡೆದರೆ ಕದಿರಿಯ ಮಕ್ಕಳಿಗೆ ನೀರಿಲ್ಲ ಎನ್ನುವುದು ಮೂಡ್ಲನಿಗೆ ಗೊತ್ತಿತ್ತು. ಅದಕ್ಕಿಂತ ಮೊದಲು, ಆಚೆ ದಡ ಎಲ್ಲೆಯಲ್ಲ ಎನ್ನುವುದೂ ಗೊತ್ತಿತ್ತು. “ಬುದ್ದೀ, ನನ್ ಕಾಲು ನಮ್ಮಪ್ಪ ತೋರ್ಸಿದ್ ದಾರೀಲೇ ಓಗಾದು. ಬ್ಯಾರೆ ಕಡೀಕ್ ಎಳುದ್ರೂ ಬರಾಕಿಲ್ಲ,” ಎಂದ. ಗೌಡ ಸಿಟ್ಟಾಗಲಿಲ್ಲ. ಎಲೆಯಡಿಕೆ ಉಗಿದು, ಆಗಲಿ ಹೋಗು ಎಂದ. ಆ ‘ಆಗಲಿ’ ಕೇಳಿ ಮೂಡ್ಲನಿಗೆ ಬೈಗುಳಕ್ಕಿಂತ ಹೆಚ್ಚು ಭಯವಾಯಿತು ಎನ್ನುತ್ತಾರೆ.

ಅಪ್ಪನ ಕಾಲದಲ್ಲಿ ಚಾವಡಿಯ ಮುಂದಿನ ಮಣ್ಣನ್ನು ಊರಬಾಗಿಲಿಗೆ ತಂದು ಸುರಿಯುತ್ತಿದ್ದರು, ಕುಳವಾಡಿಯೇ ಅದನ್ನು ಕಲಸಿ ಉಂಡೆ ಕಟ್ಟಿಕೊಳ್ಳುತ್ತಿದ್ದ. ಈ ಸಲ ಮೂಡ್ಲ ಮಿಂದು ಬರುವಷ್ಟರಲ್ಲಿ ಉಂಡೆ ಸಿದ್ಧವಾಗಿ ಬಾಳೆಯೆಲೆಯ ಮೇಲೆ ಕೂತಿತ್ತು. ನಾನೇ ಕಲಸುತ್ತೇನೆ ಎಂದು ಅವನು ಕೈಮುಗಿದು ಕೇಳಿಕೊಂಡ. “ಚಾವಡಿ ಮಣ್ಣು ಕಣ್ಲಾ ಅದು, ದೇವ್ರು ಕೂರೋ ಜಾಗದ್ದು. ನೀನ್ ಮುಟ್ಟಿ ಕಲಸಂಗಿಲ್ಲ. ತಲೆಗೆ ಸಿಂಬಿ ಐತಲ್ಲ, ಹೊತ್ಕೊ,” ಎಂದ ಕಾಟೇಗೌಡ. ಸುತ್ತ ನಿಂತಿದ್ದವರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ; ಮಾರನಬಯಲಿನವರೂ ಸರಿ ಸರಿ ಎಂದು ತಲೆಯಾಡಿಸಿದರು. ಇಬ್ಬರು ಎತ್ತಿ ಸಿಂಬಿಯ ಮೇಲೆ ಇಟ್ಟರು. ಮಣ್ಣು ಬಲ್ಲವನ ಬೆರಳು ಒಮ್ಮೆ ತಾಗಿದ್ದರೆ ಆಗಲೇ ತಿಳಿಯುತ್ತಿತ್ತು. ತಾಗಬಾರದು ಎಂಬ ನೇಮವೇ ಗೌಡನಿಗೆ ಅನುಕೂಲವಾಯಿತು.

ಮೂಡ್ಲ ಬೆಳಿಗ್ಗೆ ಹೊರಟ. ಹಿಂದೆ ಎರಡು ಊರಿನ ಇನ್ನೂರು ಮುನ್ನೂರು ಜನ, ನಡುವೆ ಕುದುರೆಯ ಮೇಲೆ ಅಮಲ್ದಾರ. ಜೋಡಿಬಂಡೆ ದಾಟಿದ, ಹುಣಿಸೆ ದಾಟಿದ. ಸೂರ್ಯ ಏರಿದಂತೆ ಒದ್ದೆ ಬಟ್ಟೆ ಮೈಮೇಲೆ ಆರಿತು, ಕಣಗಿಲೆ ಬಾಡಿತು. ಮೂರು ಹುತ್ತದ ಹತ್ತಿರ ತಲೆಯ ಮೇಲಿಂದ ಏನೋ ಸಣ್ಣಗೆ ಉದುರಿ ಹೆಗಲಿಗೆ ಬಿದ್ದಂತಾಯಿತು, ನಿಲ್ಲುವಂತಿಲ್ಲ, ನೋಡುವಂತಿಲ್ಲ. ಅವನು ದಿಣ್ಣೆಯನ್ನು ಹತ್ತಿಳಿದು, ಈಚೆ ದಡದ ಗುಂಟ ನಡೆದ. ಹಿಂದಿನಿಂದ ಮಾರನಬಯಲಿನವರು ಹೋ ಎಂದು ಕೂಗಿದರು, ಅಂದರೆ ತಲಪರಿಗೆ ಅವರ ಕಡೆಗೆ ಬಿತ್ತು. ಆ ಕೂಗು ನಿಲ್ಲುವ ಮೊದಲೇ ಉಂಡೆ ನಡುಮಧ್ಯಕ್ಕೆ ಬಾಯಿ ಬಿಟ್ಟಿತು. ಗುಳಿಯ ನೀರು ಅವನ ಮುಖದ ಮೇಲೆ ಇಳಿಯಿತು, ಮಣ್ಣು ಎರಡೂ ಹೆಗಲಿಗೆ ಚೆಲ್ಲಿತು. ಸೀಗೆಕಟ್ಟೆಯವರು ಕುಣಿದರು. ಮೂಡ್ಲ ನಿಂತಲ್ಲೇ ಕುಸಿದು ಕೂತ.

ಆ ಗಳಿಗೆಯಲ್ಲಿ ಅವನಿಗೆ ಅನ್ನಿಸಿದ್ದು ಗೌಡನ ಮೋಸ ಎಂದಲ್ಲ, ಅಪ್ಪ ತಪ್ಪು ತೋರಿಸಿದ ಎಂದು. ಹತ್ತು ವರ್ಷ ಕಣಕಾಲಿಗೆ ಬಿದ್ದ ಏಟೆಲ್ಲ ಸುಳ್ಳಾಯಿತೇ ಎಂದು ಅವನ ಎದೆ ಒಡೆಯಿತು. ತುಟಿಯ ಮೇಲೆ ಅಂಟಿದ್ದ ಮಣ್ಣು ಬಾಯಿಗೆ ಬಂತು. ಅದು ಉಪ್ಪುಪ್ಪಾಗಿತ್ತು. ಅವನು ಹೆಗಲಿನ ಮಣ್ಣನ್ನು ಎತ್ತಿ ಮತ್ತೆ ನಾಲಿಗೆಗೆ ಇಟ್ಟ. ಚೌಳು. ಒಣಗಿದರೆ ಹಿಟ್ಟಾಗಿ ಉದುರುವ ಚೌಳು ಮಣ್ಣು, ಮೇಲೆ ಮಾತ್ರ ಕೆಂಪು ಸವರಿತ್ತು. ಸೀಗೆಕಟ್ಟೆಯ ಚಾವಡಿಯ ಸುತ್ತ ಕೂಗಳತೆಯಲ್ಲೂ ಚೌಳು ಇರಲಿಲ್ಲ. “ಸ್ವಾಮ್ಯಾರೆ, ಇದು ಊರ್ ಮಣ್ಣಲ್ಲ, ನೆಕ್ಕಿ ನೋಡ್ರಿ,” ಎಂದು ಅಮಲ್ದಾರನ ಕಡೆಗೆ ಕೈ ಚಾಚಿದ. ಅವನ ಕೈಯ ಮಣ್ಣನ್ನು ನೆಕ್ಕುವವರು ಅಲ್ಲಿ ಯಾರಿದ್ದರು? ಉಂಡೆ ಒಡೆದವನ ಮಾತಿಗೆ ಬೆಲೆಯಿಲ್ಲ ಎಂದ ಶಾನುಭೋಗ.

ಅಮಲ್ದಾರ ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ. ಕಾಗದದ ಮನುಷ್ಯ. ಪದ್ಧತಿಯನ್ನು ಪೂರ್ತಿ ಓದಿ ಹೇಳಿ ಎಂದು ಶಾನುಭೋಗನನ್ನು ಕೇಳಿದ. ಉಂಡೆ ಒಡೆಯುತ್ತದೆ, ಹದಿನೈದು ದಿನದೊಳಗೆ ಕುಳವಾಡಿ ಸಾಯುತ್ತಾನೆ, ಮನೆ ಹಾಳಾಗುತ್ತದೆ ಎಂದು ಅವನು ಓದಿದ. ಹಾಗಾದರೆ ಈಗ ಆಗಿರುವುದು ಮೂರರಲ್ಲಿ ಒಂದು, ಮಿಕ್ಕಿದ್ದೂ ಆಗಲಿ, ಹದಿನಾರನೆಯ ದಿನ ಬಂದು ನೋಡುತ್ತೇನೆ. ಇವನು ಬದುಕಿದ್ದರೆ ಇವನು ನಡೆದ ಗೆರೆಯೇ ಎಲ್ಲೆ, ಸತ್ತರೆ ಸೀಗೆಕಟ್ಟೆಯವರು ಹೇಳಿದ್ದು ಎಲ್ಲೆ ಎಂದು ಬರೆಸಿ, ಕುದುರೆ ತಿರುಗಿಸಿಕೊಂಡು ಹೋದ. ಹೀಗೆ ಒಬ್ಬ ಮನುಷ್ಯನ ಉಸಿರೇ ಎರಡು ಊರಿನ ಗಡಿಯಾಯಿತು. ಮೂಡ್ಲ ಯೋಚನೆ ಮಾಡಿದ. ಮನೆಗೆ ಹೋದರೆ ಮನೆ ತಲೆಯ ಮೇಲೆ ಬೀಳಬಹುದು, ಅಥವಾ ಬೀಳಿಸಬಹುದು. ಮಗಳ ಮನೆಗೆ ಹೋದರೆ ಮಾರನಬಯಲಿನವರು ಬಚ್ಚಿಟ್ಟರು ಎನ್ನುತ್ತಾರೆ. ಎರಡೂ ಊರಿನ ಕಣ್ಣಿಗೆ ಬೀಳುವಂತೆ ಅವನು ದಿಣ್ಣೆ ಹತ್ತಿ, ಬಂಡೆಯ ಮೇಲೆ ಕಂಬಳಿ ಹೊದ್ದು ಕೂತ.

ಮೂರನೆಯ ದಿನ ಮಟಮಟ ಮಧ್ಯಾಹ್ನ ಕಾಟೇಗೌಡನ ಆಳುಗಳು ಕೇರಿಗೆ ಹೋಗಿ ಮೂಡ್ಲನ ಗುಡಿಸಿಲಿನ ಗಳ ಕಿತ್ತು, ಗೋಡೆ ಒದ್ದು ಕೆಡವಿದರು. ಶಾಸ್ತ್ರದಲ್ಲಿ ಹೇಗೂ ಇದೆ, ನಾವು ಕೊಂಚ ನೆರವಾದೆವು ಎಂದು ನಕ್ಕರಂತೆ. ಕೇರಿಯವರು ತಮ್ಮ ತಮ್ಮ ಬಾಗಿಲಿನಲ್ಲಿ ನಿಂತು ನೋಡಿದರು. ಅವರನ್ನು ದೂರಿ ಫಲವಿಲ್ಲ, ನಾಳೆ ಬೀಳುವುದು ಅವರ ಗೋಡೆ. ದಿಣ್ಣೆಯ ಮೇಲಿಂದ ಮೂಡ್ಲನಿಗೆ ಧೂಳು ಕಂಡಿತು. ಸೀಗೆಕಟ್ಟೆಯಿಂದ ಅವನಿಗೆ ತುತ್ತು ಅನ್ನ ಹೋಗಬಾರದೆಂದು ಕಟ್ಟಪ್ಪಣೆಯಾಯಿತು. ಮಾರನಬಯಲಿನವರು ಅವನು ಬದುಕಬೇಕೆಂದು ದೇವರಿಗೆ ಹರಕೆ ಹೊತ್ತರು, ಆದರೆ ಯಾರೂ ಒಂದು ಮುದ್ದೆ ತಂದುಕೊಡಲಿಲ್ಲ. ತಂದವಳು ಕದಿರಿಯೊಬ್ಬಳೇ. ದಿನಾ ಎರಡು ಹೊತ್ತು ಅಂಬಲಿ, ತಲಪರಿಗೆಯ ಒಂದು ಕೊಡ ನೀರು. ಅಪ್ಪ ಕುಡಿಯುವುದನ್ನು ಕೊನೆಯ ಗುಟುಕಿನವರೆಗೆ ನೋಡಿ, ಕೊಡ ಬೋರಲು ಹಾಕಿ, ಆಮೇಲೆ ಇಳಿದು ಹೋಗುತ್ತಿದ್ದಳು.

ಹತ್ತನೆಯ ದಿನ ಕಾಟೇಗೌಡನೇ ಬಂದ. ದಿಣ್ಣೆಯ ಬುಡದಲ್ಲಿ ನಿಂತು, ಯಾವ ಕೋಪವೂ ಇಲ್ಲದೆ, ಬೀಜದ ರಾಗಿ ಕೇಳಲು ಬಂದವನಂತೆ ಮಾತಾಡಿದ. “ಸಾಯಿ ಅಂತ ನಾನೇನ್ ಹೇಳಾಕಿಲ್ಲ ಕಣ್ಲಾ. ಪೆನ್ನೆ ಹೊಳೆ ದಾಟ್ಕಂಡು ಎತ್ಲಾಗಾದ್ರೂ ಓಗ್ಬುಡು. ನೀನ್ ಇಲ್ದಿದ್ರೆ ಸತ್ತಂಗೇ ಲೆಕ್ಕ.” ಮೂಡ್ಲ ಕೂತಲ್ಲಿಂದ ಏಳಲಿಲ್ಲ. ಗೌಡನ ಎದುರು ಅವನು ಏಳದೆ ಮಾತಾಡಿದ್ದು ಹುಟ್ಟಿದ ಮೇಲೆ ಅದೇ ಮೊದಲು. “ನಾನ್ ಎದ್ದೋದ್ರೆ ನನ್ ಮೊಮ್ಮಕ್ಳು ಯಾವ್ ಬಾವಿತಾವ ಕೊಡ ಇಟ್ಕಂಡು ನಿಂತ್ಕಳಾದು ಬುದ್ದೀ? ನಿಮ್ದಾ, ಅವ್ರುದಾ?” ಎಂದ. ಗೌಡ ಬಂದ ದಾರಿಯಲ್ಲೇ ಹಿಂದಿರುಗಿದ.

ಹನ್ನೆರಡನೆಯ ದಿನ ಜ್ವರ ಬಂತು. ಹಗಲಿನ ಬಿಸಿಲು, ಬೆಳಗಿನ ಇಬ್ಬನಿ, ಹೊಟ್ಟೆಗೆ ಅಂಬಲಿ ಬಿಟ್ಟರೆ ಬೇರಿಲ್ಲ. ಜ್ವರ ಬರದಿದ್ದರೇ ಆಶ್ಚರ್ಯ. ಆದರೆ ಮೂಡ್ಲನಿಗೆ ಹಾಗೆ ಅನ್ನಿಸಲಿಲ್ಲ. ಚೌಳು ಎಂದು ನಾಲಿಗೆಗೆ ಗೊತ್ತು, ಮೋಸ ಎಂದು ಬುದ್ಧಿಗೆ ಗೊತ್ತು. ಆದರೂ ಮಣ್ಣು ಒಡೆದದ್ದು ಒಡೆದದ್ದೇ, ಅದು ತನ್ನ ಮಾತು ನಡೆಸುತ್ತಿದೆ ಎಂದೇ ಅವನಿಗೆ ತೋರಿತು. ನಂಬಿ ಬೆಳೆದದ್ದನ್ನು ಒಂದು ಚಿಟಿಕೆ ಉಪ್ಪು ತೊಳೆದುಬಿಡುವುದಿಲ್ಲ. ಸೀಗೆಕಟ್ಟೆಯ ಕಡೆಯಿಂದ ಜನ ಗುಂಪುಗುಂಪಾಗಿ ಬಂದು ಇಣುಕಿ, ಇವತ್ತೋ ನಾಳೆಯೋ ಎಂದು ಹೋಗುತ್ತಿದ್ದರು. ಕದಿರಿ ಮೂರು ದಿನ ದಿಣ್ಣೆ ಬಿಟ್ಟು ಇಳಿಯಲಿಲ್ಲ, ಸೆರಗು ಒದ್ದೆ ಮಾಡಿ ಹಣೆಗೆ ಹಾಕುತ್ತಾ ಕೂತಳು. “ಸಾಯ್ಬ್ಯಾಡ ಕಣಪ್ಪಾ. ಇನ್ನೆರಡೇ ದಿನ. ಆಮ್ಯಾಕೆ ಬೇಕಾರೆ ಸಾಯುವಂತೆ, ಈಗ್ ಬ್ಯಾಡ,” ಎಂದು ಅಂಗಲಾಚಿದಳು. ಜ್ವರದಲ್ಲೂ ಅವನಿಗೆ ಆ ಮಾತಿಗೆ ನಗು ಬಂತಂತೆ.

ಹದಿನಾರನೆಯ ಬೆಳಿಗ್ಗೆ ಅಮಲ್ದಾರ ಬಂದಾಗ ಮೂಡ್ಲ ಮಗಳ ಹೆಗಲು ಹಿಡಿದು ಎದ್ದು ನಿಂತ. ಅಷ್ಟೇ ಸಾಕಾಯಿತು. ಅವನು ನಡೆದ ಗೆರೆಯ ಮೇಲೆ ಇದ್ದಿಲು ಹೂಳಿ ಹೊಸ ಕಲ್ಲು ನೆಟ್ಟರು, ತಲಪರಿಗೆ ಮಾರನಬಯಲಿನದೆಂದು ಬರೆದು ಮೊಹರು ಒತ್ತಿದರು. ಕಾಟೇಗೌಡ ತಲೆ ತಗ್ಗಿಸಿಕೊಂಡು ಮನೆಗೆ ಹೋದ. ಮಾರನಬಯಲಿನವರು ತಮಟೆ ಹೊಡೆಸಿದರು, ಮೂಡ್ಲನನ್ನು ಮುಟ್ಟಬಾರದಾದ್ದರಿಂದ ಚೆಂಡುಹೂವಿನ ಹಾರಗಳನ್ನು ದೂರದಿಂದಲೇ ಅವನ ಮೇಲೆ ಎಸೆದರು. ಕೆಲವು ತಲೆಗೆ ಬಿದ್ದವು, ಕೆಲವು ಕಾಲಿಗೆ. ಓಬಳೇಗೌಡ ಹೊಸ ಕಂಬಳಿಯೊಂದನ್ನು ನೆಲದ ಮೇಲೆ ಇಟ್ಟು ಹಿಂದೆ ಸರಿದು, ನಿನ್ನಿಂದ ಊರಿನ ಮಾನ ಉಳಿಯಿತು ಎಂದ. ಮೂಡ್ಲ ಕಂಬಳಿ ಎತ್ತಿಕೊಂಡು ಮಗಳ ಮನೆಗೆ ಹೋಗಿ ಎರಡು ದಿನ ನಿದ್ದೆ ಮಾಡಿದ. ಅವನ ಜೀವಮಾನದಲ್ಲಿ ಅಷ್ಟು ಸುಖವಾದ ನಿದ್ದೆ ಅದೊಂದೇ ಎನ್ನುತ್ತಾರೆ.

ಒಂದು ಹುಣ್ಣಿಮೆ ಕಳೆದಿರಬೇಕು. ಮಾರನಬಯಲಿನ ಹಿರಿಯರು ಚಾವಡಿಯಲ್ಲಿ ಸೇರಿದರು. ಉಂಡೆ ಒಡೆದರೂ ಕುಳವಾಡಿಯನ್ನು ಸಾಯಗೊಡದೆ ಹದಿನೈದು ದಿನ ಕಾಪಾಡಿದ ನೀರು ಸಾಮಾನ್ಯದ್ದಲ್ಲ, ಅದು ಸತ್ಯದ ನೀರು ಎಂದು ಅವರಿಗೆ ಹೊಳೆಯಿತು. ಇನ್ನು ಮೇಲೆ ರಂಗನಾಥಸ್ವಾಮಿಯ ಮಜ್ಜನಕ್ಕೆ ಅದೇ ನೀರು ಎಂದು ತೀರ್ಮಾನವಾಯಿತು. ದೇವರಿಗೆ ಹೋಗುವ ನೀರನ್ನು ಯಾರು ಯಾರೋ ಮುಟ್ಟುವಂತಿಲ್ಲವಲ್ಲ. ತಲಪರಿಗೆಯ ಸುತ್ತ ಎದೆಯೆತ್ತರದ ಕಲ್ಲಿನ ಗೋಡೆ ಎದ್ದಿತು, ಬಾಗಿಲಿಗೆ ಕಾವಲಿನವನು ಬಂದ. ಕದಿರಿ ಒಂದು ಬೆಳಿಗ್ಗೆ ಕೊಡ ಹಿಡಿದು ಹೋದವಳು ಖಾಲಿ ಕೊಡದೊಂದಿಗೆ ಹಿಂದಿರುಗಿ, ಅದನ್ನು ಅಪ್ಪನ ಮುಂದೆ ಇಟ್ಟು ಒಳಗೆ ಹೋದಳು. ಅವಳು ಅತ್ತಿದ್ದರೂ ಅವನಿಗೆ ಇಷ್ಟು ನೋಯುತ್ತಿರಲಿಲ್ಲ.

ಮೂಡ್ಲ ಓಬಳೇಗೌಡನ ಊರಬಾಗಿಲಿಗೆ ಹೋಗಿ ನಿಂತ. ಗೌಡ ಒಳಗೆ ಕಟ್ಟೆಯ ಮೇಲೆ, ಮೂಡ್ಲ ಹೊರಗೆ ಬಿಸಿಲಿನಲ್ಲಿ. “ಬುದ್ದೀ, ಆ ನೀರು ಕೇರಿದು. ನಮ್ಮ್ ತಾತ ಮುತ್ತಾತನ್ ಕಾಲದಿಂದ್ಲೂ,” ಎಂದ. ಓಬಳೇಗೌಡ ಕೆಟ್ಟ ದನಿಯಲ್ಲೇನೂ ಮಾತಾಡಲಿಲ್ಲ. “ಊರಿಂದು ಅಂತ ತೋರ್ಸಿಕೊಟ್ಟೋನು ನೀನೇ ಅಲ್ವೇನ್ಲಾ? ನೀನ್ ನಡುದ್ ಗೆರೆ, ಸರಕಾರದ್ ಮೊಹರು. ಈಗ ಇಲ್ಲ ಅಂತೀಯ?” ಎಂದ. “ಎಲ್ಲೆ ಯಾವ್ದು ಅಂತ ತೋರ್ಸ್ದೆ ಬುದ್ದೀ. ನೀರು ಯಾರ್ದು ಅಂತ ನಾನ್ ಹೇಳ್ಲಿಲ್ಲ.” “ಎಲ್ಲೆ ಯಾರ್ದೋ ಅದ್ರೊಳಗಿನ್ ನೀರೂ ಅವ್ರುದೇ. ಓಗು, ಕಾವ್ಲೋನಿಗೆ ಹೇಳಿರ್ತೀನಿ, ಹೊರಗ್ ನಿಂತ್ರೆ ಒಂದ್ ಕೊಡ ಹುಯ್ತಾನೆ.” ಅಲ್ಲಿಗೆ ಮಾತು ಮುಗಿಯಿತು. ಮೂಡ್ಲ ಹಿಂದಿರುಗುವ ದಾರಿಯಲ್ಲಿ ಲೆಕ್ಕ ಹಾಕಿದ. ಸುಳ್ಳು ನಡೆದಿದ್ದರೆ ನೀರು ಕಾಟೇಗೌಡನ ಎಲೆತೋಟಕ್ಕೆ ಹೋಗುತ್ತಿತ್ತು. ನಿಜ ನಡೆದದ್ದಕ್ಕೆ ದೇವರಿಗೆ ಹೋಯಿತು. ಯಾರದೆಂದು ಯಾರೂ ಕೇಳದಷ್ಟು ದಿನ ಮಾತ್ರ ಅದು ಕೇರಿಯದಾಗಿತ್ತು. ಕೇಳಿದವರಿಗೆ ಉತ್ತರವನ್ನು ತಾನೇ ಪ್ರಾಣ ಒತ್ತೆಯಿಟ್ಟು ತಂದುಕೊಟ್ಟೆ ಎಂದು ತಿಳಿದಾಗ ಅವನಿಗೆ ತನ್ನ ಕಾಲಿನ ಮೇಲೆ ಅಸಹ್ಯ ಹುಟ್ಟಿತು.

ಅವನು ಮನೆಗೆ ಹೋಗಲಿಲ್ಲ. ದಿಣ್ಣೆ ಹತ್ತಿ ಅದೇ ಬಂಡೆಯ ಮೇಲೆ ಕೂತ. ಕದಿರಿ ಬಂದಳು, ಅಂಬಲಿ ತಂದಳು, ಬೈದಳು, ಕಾಲು ಹಿಡಿದಳು. ಅವನು ಅವಳ ತಲೆ ಸವರಿದ, ಕುಡಿಯಲಿಲ್ಲ. ಅಂಬಲಿಯ ನೀರು ಎಲ್ಲಿಯದು ಎಂದು ಮಾತ್ರ ಕೇಳಿದ. ಕಾವಲಿನವನು ಹುಯ್ದದ್ದು ಎಂದಳು. ಹಾಗಾದರೆ ಮಕ್ಕಳಿಗೆ ಕುಡಿಸು ಹೋಗು ಎಂದ. ಈ ಸಲ ಕೆಳಗೆ ನಿಂತು ದಿನ ಎಣಿಸುವವರು ಯಾರೂ ಇರಲಿಲ್ಲ. ಅಮಲ್ದಾರ ಬರಲಿಲ್ಲ, ಹರಕೆ ಹೊರುವವರಿಲ್ಲ, ಸಾಯಲಿ ಎಂದು ಕಾಯುವವರೂ ಇಲ್ಲ. ಅವನು ಬದುಕಿದರೂ ಸತ್ತರೂ ಈಗ ಯಾವ ಕಲ್ಲೂ ಒಂದು ಗೇಣು ಸರಿಯುವಂತಿರಲಿಲ್ಲ. ಎಷ್ಟು ದಿನ ಕೂತನೆಂದು ಕದಿರಿಗೆ ಮಾತ್ರ ಗೊತ್ತಿತ್ತು, ಅವಳು ಯಾರಿಗೂ ಹೇಳಲಿಲ್ಲ. ಮುಂದೆ ಎರಡೂ ಕೇರಿಗಳಲ್ಲಿ ಮಣ್ಣು ಹೊರುವ ಕುಳವಾಡಿ ಯಾರೂ ಆಗಲಿಲ್ಲ; ಗೌಡರು ಬೆದರಿಸಿದರು, ಬೇಡಿದರು, ಒಬ್ಬನೂ ತಲೆ ಕೊಡಲಿಲ್ಲ. ಮೂಡ್ಲ ಮೊದಲು ಕೂತ ಹದಿನೈದು ದಿನದಿಂದ ದಿಣ್ಣೆಗೆ ಹೆಸರು ಬಂತು ಎಂದು ಊರುಗಳಲ್ಲಿ ಹೇಳುತ್ತಾರೆ. ಎರಡನೆಯ ಸಲ ಕೂತದ್ದರಿಂದ ಬಂತು ಎನ್ನುತ್ತಾರೆ ಕೇರಿಯವರು.

ದಿಣ್ಣೆ ಇಳಿದು ಹಳ್ಳದ ಕಡೆಗೆ ಹೋದವರಿಗೆ ಆ ಗೋಡೆ ಈಗಲೂ ಕಾಣಸಿಗುತ್ತದೆ. ಒಳಗೆ ಮರಳು ತುಂಬಿಕೊಂಡಿದೆ, ಸುತ್ತಲೂ ಕೊಳವೆಬಾವಿಗಳಾದ ಮೇಲೆ ಒಸರು ನಿಂತುಹೋಯಿತು. ಗೋಡೆಯ ಹೊರಮೈಯಲ್ಲಿ, ಸೊಂಟದೆತ್ತರದಲ್ಲಿ, ದೋಣಿಯಂತೆ ತೋಡಿದ ಒಂದು ಕಲ್ಲು ಮುಂದಕ್ಕೆ ಚಾಚಿದೆ. ಒಳಗಿನವನು ನೀರು ಹುಯ್ದರೆ ಹೊರಗಿನವರ ಕೊಡಕ್ಕೆ ಬೀಳಲಿ, ಕೈಗೆ ಕೈ ತಾಗದಿರಲಿ ಎಂದು ಇಟ್ಟ ಕಲ್ಲು ಅದು. ನೂರಕ್ಕೂ ಹೆಚ್ಚು ವರ್ಷ ನೀರು ಹರಿದು ಅದರ ತುಟಿ ನುಣ್ಣಗೆ ಸವೆದಿದೆ. ರಜೆಯ ದಿನ ಕಾರು ಮಾಡಿಕೊಂಡು ಬರುವವರು ಅದನ್ನು ಯಾವುದೋ ಹಳೆಯ ಗುಡಿಯ ತೀರ್ಥದ ಗೋಮುಖವೆಂದು ತಿಳಿದು, ಚಪ್ಪಲಿ ಬಿಟ್ಟು, ಅದರ ಕೆಳಗೆ ಬೊಗಸೆಯೊಡ್ಡಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.